ಕವಡೆಯ ಒಳಗೆ ಯಾರಿದ್ದರು?

ಕವಡೆ ನಮಗೆಲ್ಲ ಗೊತ್ತುಂಟು. ಮಳೆಗಾಲದಲ್ಲಿ ಚಾವಡಿಯಲ್ಲಿ ಕೂತು ಕವಡೆ ಹಾಕಿ ಆಡ್ತೇವೆ. ಅಷ್ಟಮಂಗಳ ಪ್ರಶ್ನೆಯಲ್ಲಿ ಜೋಯಿಸರು ಕವಡೆ ಎಣಿಸುತ್ತಾರೆ. ನಮ್ಮ ಅಜ್ಜಿಯ ಎಲೆಯಡಿಕೆ ಪೆಟ್ಟಿಗೆಯಲ್ಲಿ ಆರು ಕವಡೆ ಉಂಟು. ಅದು ಕಲ್ಲು ಅಂತ ನಾನು, ಮರದ ಬೀಜ ಅಂತ ತಮ್ಮ, ದೊಡ್ಡ ಜಗಳ ಆಯ್ತು. ವಿಜ್ಞಾನದ ಟೀಚರಲ್ಲಿ ಕೇಳಿದೆವು. ಇಬ್ಬರೂ ಸೋತೆವು.

ಕವಡೆ ಎಂದರೆ ಕಡಲಿನ ಒಂದು ಸಣ್ಣ ಬಸವನಹುಳುವಿನ ಚಿಪ್ಪು. ಇದರ ವೈಜ್ಞಾನಿಕ ಹೆಸರು ಮೊನೆಟೇರಿಯಾ ಮೊನೆಟಾ. ಉದ್ದ ಸುಮಾರು 2ರಿಂದ 3 ಸೆಂಟಿಮೀಟರ್. ಲಕ್ಷದ್ವೀಪ, ಮಾಲ್ಡೀವ್ಸ್ ಕಡೆಯ ಹವಳದ ದಿಬ್ಬಗಳಲ್ಲಿ ಇರುತ್ತದೆ. ಹಗಲು ಕಲ್ಲಿನ ಅಡಿಯಲ್ಲಿ ಅಡಗಿ, ರಾತ್ರಿ ಹೊರಗೆ ಬಂದು ಪಾಚಿ ತಿನ್ನುತ್ತದೆ.

ಕವಡೆ ಯಾಕೆ ಅಷ್ಟು ನುಣುಪು? ಹುಳುವಿನ ಮೈಯ ತೆಳು ಪದರ ಎರಡೂ ಬದಿಯಿಂದ ಮೇಲೆ ಬಂದು ಚಿಪ್ಪನ್ನು ಹೊದಿಕೆಯ ಹಾಗೆ ಮುಚ್ಚುತ್ತದೆ. ಅದೇ ಪದರ ಸುಣ್ಣದ ಅಂಶವನ್ನು ಬಿಟ್ಟು ಚಿಪ್ಪಿಗೆ ಹೊಳಪು ಕೊಡುತ್ತದೆ. ಮರಿಯ ಚಿಪ್ಪು ತೆಳು, ಬಾಯಿ ಅಗಲ. ಬೆಳೆದ ಮೇಲೆ ಅಂಚು ಒಳಗೆ ಮಡಚಿ ಹಲ್ಲುಗಳು ಮೂಡುತ್ತವೆ.

ಕವಡೆ ಒಂದು ಕಾಲದಲ್ಲಿ ಹಣವಾಗಿತ್ತು. ಅದು ತುಕ್ಕು ಹಿಡಿಯುವುದಿಲ್ಲ, ಬೇಗ ಒಡೆಯುವುದಿಲ್ಲ, ಖೋಟಾ ಮಾಡಲು ಆಗುವುದಿಲ್ಲ. 1778ರಲ್ಲಿ ಸಿಲ್ಹೆಟ್‌ಗೆ ಬಂದ ರಾಬರ್ಟ್ ಲಿಂಡ್ಸೆ ಎಂಬ ಕಂಪೆನಿ ಅಧಿಕಾರಿ ಅಲ್ಲಿನ ಕಂದಾಯವನ್ನು ಕವಡೆಯಲ್ಲೇ ವಸೂಲು ಮಾಡಿದನು. ಆಗ ಒಂದು ರೂಪಾಯಿಗೆ 5120 ಕವಡೆ! ಅಜ್ಜಿಯ ಆರು ಕವಡೆಗೆ ಅರ್ಧ ಪೈಸೆಯೂ ಸಿಗುತ್ತಿರಲಿಲ್ಲ. “ಕವಡೆ ಕಾಸಿನ ಬೆಲೆ ಇಲ್ಲ” ಎನ್ನುವುದು ಇದಕ್ಕೇ. ಆದರೆ ಯುರೋಪಿನ ವ್ಯಾಪಾರಿಗಳು ಇದೇ ಕವಡೆಯನ್ನು ಹಡಗಿನಲ್ಲಿ ಪಶ್ಚಿಮ ಆಫ್ರಿಕಕ್ಕೆ ಸಾಗಿಸಿ, ಅದನ್ನು ಕೊಟ್ಟು ಮನುಷ್ಯರನ್ನೇ ಗುಲಾಮರಾಗಿ ಕೊಂಡರು. ಇದನ್ನು ಕೇಳಿ ನನಗೆ ಬೇಜಾರಾಯಿತು.

ಇನ್ನೊಂದು ವಿಷಯ. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದವು. ಅಂದರೆ ಕವಡೆಯೂ ನಮ್ಮ ಜಿಲ್ಲೆಯದ್ದೇ!

ಮಾಲ್ಡೀವ್ಸ್‌ನಲ್ಲಿ ತೆಂಗಿನ ಮಡಲನ್ನು ಕಡಲಲ್ಲಿ ಬಿಟ್ಟು, ಅದಕ್ಕೆ ಅಂಟಿದ ಕವಡೆ ಹಿಡಿಯುತ್ತಿದ್ದರು. ಮಾಂಸ ಕೊಳೆಯುವ ತನಕ ಮರಳಲ್ಲಿ ಹೂತು, ಮತ್ತೆ ತೊಳೆಯುತ್ತಿದ್ದರು. ಇದು ಗೊತ್ತಾದಾಗ ನನಗೆ ಹೋದ ವರ್ಷದ ಪ್ರವಾಸ ನೆನಪಾಯಿತು. ಸೋಮೇಶ್ವರದ ಬಂಡೆಗೆ ಅಂಟಿದ್ದ ಒಂದು ಚಂದದ ಸಣ್ಣ ಚಿಪ್ಪನ್ನು ಕಿತ್ತು ಕಂಪಾಸು ಪೆಟ್ಟಿಗೆಯಲ್ಲಿ ತಂದಿದ್ದೆ. ಮೂರನೇ ದಿನ ನಾತ ಬಂತು. ಅಮ್ಮ ಬೈದರು, ನಾನು ಬಿಸಾಡಿದೆ. ಒಳಗೆ ಹುಳು ಇತ್ತು, ನಾನೇ ಕೊಂದದ್ದು ಅಂತ ಅವತ್ತು ಯೋಚಿಸಲೇ ಇಲ್ಲ.

ಈ ಸಲ ಕಡಲಿಗೆ ಹೋದಾಗ ಚಿಪ್ಪು ಸಿಕ್ಕಿದರೆ ಮೊದಲು ತಿರುಗಿಸಿ ನೋಡಿ. ಒಳಗೆ ಹುಳು ಇರಬಹುದು, ಇಲ್ಲದಿದ್ದರೆ ಸನ್ಯಾಸಿ ಏಡಿ ಮನೆ ಮಾಡಿರಬಹುದು. ಇದ್ದರೆ ಅಲ್ಲೇ ಮೆಲ್ಲ ಇಟ್ಟು ಬನ್ನಿ.

— 7ನೇ ತರಗತಿ