ತಾರೀಖು ಇರುವ ಪ್ಯಾಕೇಟು, ತಾರೀಖು ಇಲ್ಲದ ಅನ್ನ

ಕಳೆದ ಮಳೆಗಾಲದಲ್ಲಿ ಒಂದೇ ವಾರದೊಳಗೆ ನಾನು ಎರಡು ತಪ್ಪು ಮಾಡಿದೆ. ಊರಿನಿಂದ ಅವ್ವ ಕಳಿಸಿದ್ದ ಕಟಕ ರೊಟ್ಟಿಯ ಕಟ್ಟೂ ಶೇಂಗಾ ಚಟ್ನಿಪುಡಿಯ ಡಬ್ಬಿಯೂ ಬಂದು ತಿಂಗಳಾಗಿತ್ತು. ಅವುಗಳ ಮೇಲೆ ತಾರೀಖು ಇರಲಿಲ್ಲ. “ಹಳೆಯದಾಯಿತು, ಬೇಡ” ಎಂದು ಮೂಸಿ ಕೂಡ ನೋಡದೆ ಎಸೆಯಹೇಳಿದೆ. “ಚಲೋ ಅದಾವ್ರೀ, ಅತ್ತಿಯವರು ಗರಿಗರಿ ಒಣಗಿಸಿ ಕೊಟ್ಟಾರ” ಎಂದು ಮನೆಯವಳು ಹೇಳಿದರೂ ಕೇಳಲಿಲ್ಲ.

ಅದಾದ ಮೂರನೆಯ ದಿನ ಮಧ್ಯಾಹ್ನದ ಅನ್ನ ಒಲೆಯ ಪಕ್ಕದಲ್ಲಿ ರಾತ್ರಿಯ ತನಕ ಉಳಿದಿತ್ತು. ಅನ್ನ ಚೆಲ್ಲಬಾರದೆಂದು ಒಗ್ಗರಣೆ ಹಾಕಿಸಿ ಎಲ್ಲರೂ ಉಂಡೆವು. ನಡುರಾತ್ರಿಯ ಹೊತ್ತಿಗೆ ಮಗನಿಗೆ ವಾಂತಿ ಹಿಡಿಯಿತು. ಹುಡುಗ ಉಳಿದುಕೊಂಡ, ಅದು ದೇವರ ದಯೆ. ಆದರೆ ಎರಡು ದಿನದ ರಜೆ, ಔಷಧದ ಖರ್ಚು, ಮನೆಯವಳ ಕಣ್ಣೀರು, ಇವೆಲ್ಲ ಆದವು. ತಿನ್ನಬಹುದಾದುದನ್ನು ಎಸೆದೆ, ಎಸೆಯಬೇಕಾದುದನ್ನು ಉಣ್ಣಿಸಿದೆ.

ನಾನು ಹಿಟ್ಟಿನ ಗಿರಣಿಯೊಂದರಲ್ಲಿ ಗುಮಾಸ್ತ. ಚೀಲದ ತಾರೀಖನ್ನು ರಿಜಿಸ್ಟರಿಗೆ ಏರಿಸುವುದೇ ನನ್ನ ಉದ್ಯೋಗ. ನನಗೇ ತಿಳಿಯದೆ ಹೋದದ್ದು ಇತರ ಬಂಧುಗಳಿಗೂ ತಿಳಿಯದಿರಬಹುದೆಂದು ಈ ಲೇಖನ ಬರೆಯುತ್ತಿದ್ದೇನೆ.

ಪ್ಯಾಕೇಟಿನ ಮೇಲೆ ಏನು ಬರೆದಿರುತ್ತದೆ?

ಕಿರಾಣಿ ಪ್ಯಾಕೇಟಿನ ಮೇಲಿನ ಅಕ್ಷರ ಬಹುಮಟ್ಟಿಗೆ ಇಂಗ್ಲಿಷು, ಅದೂ ಇರುವೆಯ ಗಾತ್ರದ್ದು. ‘ಎಂ.ಎಫ್.ಡಿ.’ ಎಂದರೆ ತಯಾರಾದ ದಿನ, ‘ಪಿ.ಕೆ.ಡಿ.’ ಎಂದರೆ ಪ್ಯಾಕು ಮಾಡಿದ ದಿನ. ‘ಯೂಸ್ ಬೈ’ ಅಥವಾ ‘ಎಕ್ಸ್‌ಪೈರಿ’ ಎಂದರೆ ಆ ದಿನದ ನಂತರ ಪದಾರ್ಥದ ಗುಣವನ್ನೂ ಸುರಕ್ಷತೆಯನ್ನೂ ನಂಬಲಾಗದು, ಅಂಗಡಿಯವನು ಮಾರಕೂಡದು. ‘ಬೆಸ್ಟ್ ಬಿಫೋರ್’ ಎಂಬ ಮಾತು ಬೇರೆ. ಆ ದಿನದವರೆಗೆ ರುಚಿ, ಪರಿಮಳ, ಗರಿಗರಿತನ ಪೂರ್ತಿ ಇರುತ್ತವೆ. ಆಮೇಲೆ ಅವು ಕುಂದಬಹುದು, ಆದರೂ ಪದಾರ್ಥ ತಿನ್ನಲು ಯೋಗ್ಯವಾಗಿಯೇ ಇರಬಹುದು.

ನಮ್ಮ ದೇಶದಲ್ಲಿ ಆಹಾರ ಕಲಬೆರಕೆಯ ವಿರುದ್ಧ 1954ರಲ್ಲಿ ಕಾನೂನಾಯಿತು. ಅದರ ಸ್ಥಾನದಲ್ಲಿ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಬಂದಿತು. ಅದರ ಕೆಳಗೆ 2020ರಲ್ಲಿ ಹೊರಟ ಲೇಬಲ್ ನಿಯಮಗಳ ಪ್ರಕಾರ ‘ಯೂಸ್ ಬೈ’ ಅಥವಾ ‘ಎಕ್ಸ್‌ಪೈರಿ’ ತಾರೀಖು ಕಡ್ಡಾಯ. ‘ಬೆಸ್ಟ್ ಬಿಫೋರ್’ ಬೇಕಾದರೆ ಹಾಕಬಹುದಾದ ಹೆಚ್ಚಿನ ಮಾತು. ಸಕ್ಕರೆ, ಹೆಚ್ಚದ ಹಸಿ ತರಕಾರಿ ಮುಂತಾದ ಕೆಲವಕ್ಕೆ ಮಾತ್ರ ವಿನಾಯಿತಿ ಇದೆ. ಬಿಡಿಯಾಗಿ ಮಾರುವ ಮಿಠಾಯಿಯ ತಟ್ಟೆಯ ಮುಂದೆಯೂ ತಾರೀಖು ಇಡಬೇಕೆಂದು 2020ರ ಅಕ್ಟೋಬರ್ 1ರಿಂದ ಆಜ್ಞೆಯಾಯಿತು. ಹಬ್ಬದ ಪೇಢೆ ಕೊಳ್ಳುವಾಗ ಆ ಚೀಟಿ ಎಲ್ಲಿದೆಯೆಂದು ಸಂಕೋಚವಿಲ್ಲದೆ ಕೇಳಿರಿ.

ಇದರಲ್ಲಿ ಒಂದು ತೊಡಕೂ ಇದೆ. ಹಾಲಿಗೂ ‘ಯೂಸ್ ಬೈ’, ಬಿಸ್ಕೀಟಿಗೂ ‘ಯೂಸ್ ಬೈ’ ಎಂದಾದಾಗ ಯಾವುದು ಕೆಟ್ಟರೆ ಆಪತ್ತು, ಯಾವುದು ಬರೀ ಮೆತ್ತಗಾಗುತ್ತದೆ ಎಂಬುದು ಚೀಟಿಯಿಂದ ತಿಳಿಯುವುದಿಲ್ಲ. ಅದನ್ನು ನಾವೇ ತಿಳಿದಿರಬೇಕು. ಹಾಲು, ಪನೀರು, ಮಾಂಸ, ಮೀನು, ರುಬ್ಬಿದ ಹಿಟ್ಟು, ಇಂಥ ನೀರಿನಂಶದ ಪದಾರ್ಥಗಳಲ್ಲಿ ತಾರೀಖಿನೊಡನೆ ವಾದ ಬೇಡ. ಕೂಸಿನ ಆಹಾರದಲ್ಲಿಯೂ ಔಷಧದಲ್ಲಿಯೂ ಬೇಡವೇ ಬೇಡ. ರವೆ, ಬೇಳೆ, ಶಾವಿಗೆ ಮುಂತಾದ ಒಣ ಪದಾರ್ಥಗಳು ಒಂದೇ ರಾತ್ರಿಯಲ್ಲಿ ವಿಷವಾಗುವುದಿಲ್ಲ. ಹಾಗೆಂದು ‘ಎಕ್ಸ್‌ಪೈರಿ’ ಮೀರಿದುದನ್ನು ತಿನ್ನಿರಿ ಎಂದು ನಾನು ಹೇಳುತ್ತಿಲ್ಲ. ಮೀರಿದ ಮೇಲೆ ಯೋಚಿಸುವುದಕ್ಕಿಂತ ಮೀರುವ ಮೊದಲೇ ಉಂಡು ಮುಗಿಸುವುದು ಜಾಣತನ.

ತಾರೀಖಿಗೂ ಷರತ್ತು ಉಂಟು

ತಾರೀಖನ್ನು ಗೊತ್ತುಮಾಡುವವನು ತಯಾರಕನೇ. ಮಾದರಿಯನ್ನು ಇಂತಿಷ್ಟು ಶಾಖ, ಇಂತಿಷ್ಟು ತೇವದಲ್ಲಿಟ್ಟು ಅದು ಯಾವಾಗ ಕೆಡುತ್ತದೆಂದು ಪರೀಕ್ಷಿಸಿ, ಸ್ವಲ್ಪ ಮುಂಚಿತವಾದ ದಿನವನ್ನು ಅಚ್ಚು ಹಾಕಿಸುತ್ತಾರೆ. ಈ ಬಗೆಯ ಶಾಸ್ತ್ರಕ್ಕೆಂದೇ ಮೈಸೂರಿನಲ್ಲಿ 1950ರಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಸ್ಥಾಪನೆಯಾಯಿತೆಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ.

ಆದ್ದರಿಂದ ತಾರೀಖು ಮುಚ್ಚಿದ ಪ್ಯಾಕೇಟಿಗೆ, ಹೇಳಿದ ರೀತಿಯಲ್ಲಿ ಇಟ್ಟದ್ದಕ್ಕೆ ಮಾತ್ರ ಸಲ್ಲುತ್ತದೆ. ಹಾಲನ್ನೇ ನೋಡಿರಿ. ಡೇರಿಯಲ್ಲಿ ಅದನ್ನು ಸುಮಾರು 72 ಡಿಗ್ರಿ ಶಾಖದಲ್ಲಿ 15 ಸೆಕೆಂಡು ಕಾಯಿಸಿ ಕೂಡಲೇ ತಣಿಸುತ್ತಾರೆ. ರೋಗದ ಕ್ರಿಮಿಗಳು ಸಾಯುತ್ತವೆ. ಹುಳಿಮಾಡುವ ಕ್ರಿಮಿಗಳು ಕೆಲವು ಉಳಿಯುತ್ತವೆ. ತಂಪಿನಲ್ಲಿ ಅವು ಬೆಳೆಯುವುದು ನಿಧಾನ. ಅದೇ ಚೀಲ ಅಂಗಡಿಯ ಮುಂದಿನ ಕ್ರೇಟಿನಲ್ಲಿ ಬಿಸಿಲಿಗೆ ಬಿದ್ದಿದ್ದರೆ ಮೇಲಿನ ತಾರೀಖಿಗೆ ಅರ್ಥವಿಲ್ಲ. ಫ್ರಿಜ್ ಇಲ್ಲದವರು ಹಾಲು ತಂದ ಕೂಡಲೇ ಉಕ್ಕಿಸಿ, ಸಂಜೆ ಮತ್ತೊಮ್ಮೆ ಕಾಯಿಸಿ, ಉಳಿದುದಕ್ಕೆ ರಾತ್ರಿಯೇ ಹೆಪ್ಪು ಹಾಕುವುದು ಉತ್ತಮ. ಹಾಲೂ ಹಾಳಾಗದು, ಮರುದಿನಕ್ಕೆ ಮೊಸರೂ ಆಯಿತು.

ತಾರೀಖು ಇಲ್ಲದ ಅನ್ನ

ಈಗ ನನ್ನ ಎರಡನೆಯ ತಪ್ಪಿಗೆ ಬರುತ್ತೇನೆ. “ಅನ್ನ ಹಳಸಿರಲಿಲ್ಲ, ವಾಸನೆಯೂ ಇರಲಿಲ್ಲ, ಮೇಲಾಗಿ ಚೆನ್ನಾಗಿ ಕಾಯಿಸಿದ್ದೆವು” ಎಂದು ವೈದ್ಯರ ಮುಂದೆ ನಾನು ವಾದಿಸಿದೆ. ಅವರು ತಿಳಿಸಿ ಹೇಳಿದರು. ಅಕ್ಕಿಯಲ್ಲಿ ಒಂದು ಜಾತಿಯ ಕ್ರಿಮಿಯ ಬೀಜಕಣಗಳು ಇರುತ್ತವೆ. ಅದರ ಹೆಸರು ಬ್ಯಾಸಿಲಸ್ ಸೀರಿಯಸ್. ಅನ್ನ ಕುದಿದರೂ ಆ ಕಣಗಳು ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಕುಳಿತಾಗ ಅವು ಮೊಳೆತು, ಬೆಳೆದು, ವಿಷವನ್ನು ಬಿಡುತ್ತವೆ. ಮತ್ತೆ ಕಾಯಿಸಿದರೆ ಕ್ರಿಮಿ ಸತ್ತೀತು; ವಾಂತಿ ತರುವ ಆ ವಿಷ ಹೋಗುವುದಿಲ್ಲ. ಇದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮೂಗು ಹುಳಿಯನ್ನು ಹಿಡಿಯುತ್ತದೆ, ವಿಷವನ್ನು ಹಿಡಿಯಲಾರದು.

5 ಡಿಗ್ರಿಯಿಂದ 60 ಡಿಗ್ರಿಯವರೆಗಿನ ಶಾಖ ಕ್ರಿಮಿಗಳ ಸುಗ್ಗಿ. ಬೇಯಿಸಿದ ಅನ್ನವಾಗಲಿ, ಪಲ್ಯ ಸಾರುಗಳಾಗಲಿ, ಈ ನಡುವಿನಲ್ಲಿ ಎರಡು ತಾಸಿಗಿಂತ ಹೆಚ್ಚು ಇರಕೂಡದು. ಫ್ರಿಜ್ ಇದ್ದವರು ಅನ್ನವನ್ನು ಅಗಲ ತಟ್ಟೆಯಲ್ಲಿ ಹರವಿ ಬೇಗ ಆರಿಸಿ ಒಳಗಿಡಲಿ. ಇಲ್ಲದವರಿಗೆ ದಾರಿ ಒಂದೇ: ಒಂದು ಹೊತ್ತಿಗೆ ಬೇಕಾದಷ್ಟೇ ಅಕ್ಕಿ ಅಳೆದು ಹಾಕುವುದು. ಒಂದು ಕೋಣೆಯಲ್ಲಿ ಐದಾರು ಮಂದಿ ಸೇರಿ ಅಡಿಗೆ ಮಾಡಿಕೊಳ್ಳುವ ನಮ್ಮ ತಮ್ಮಂದಿರು ಇದನ್ನು ಗಮನಿಸಬೇಕು. ರಾತ್ರಿ ಪಾಳಿಯವನು ಊಟಕ್ಕೆ ಬರುತ್ತಾನೋ ಇಲ್ಲವೋ ಎಂದು ಮೊದಲೇ ಕೇಳಿ ಅಕ್ಕಿ ಹಾಕಿದರೆ ಅರ್ಧ ನಷ್ಟ ತಪ್ಪುತ್ತದೆ.

ಅವ್ವನ ರೊಟ್ಟಿ ಏಕೆ ಕೆಡಲಿಲ್ಲ?

ನೀರಿಲ್ಲದೆ ಕ್ರಿಮಿಗೆ ಬಾಳಿಲ್ಲ. ಕಟಕ ರೊಟ್ಟಿಯಲ್ಲಿ ನೀರು ಇಲ್ಲವೆಂಬಷ್ಟು ಕಡಿಮೆ; ಹುರಿದು ಕುಟ್ಟಿದ ಚಟ್ನಿಪುಡಿಯಲ್ಲಿಯೂ ಹಾಗೆಯೇ, ಜೊತೆಗೆ ಉಪ್ಪು ಖಾರ ಬೇರೆ. ವಿಜಯಪುರ, ಬಾಗಲಕೋಟೆ, ಕಲಬುರಗಿಯ ತಾಯಂದಿರು ದುಡಿಯಲು ಪರಸ್ಥಳಕ್ಕೆ ಹೋಗುವ ಮಕ್ಕಳಿಗೆ ಇವನ್ನೇ ಕಟ್ಟಿ ಕೊಡುವುದರಲ್ಲಿ ಶಾಸ್ತ್ರವಿದೆ. ಮೈಸೂರಿನಲ್ಲಿಯೇ 1961ರಲ್ಲಿ ಆರಂಭವಾದ ರಕ್ಷಣಾ ಆಹಾರ ಸಂಶೋಧನಾಲಯ ಸೈನಿಕರಿಗಾಗಿ ಬಹುಕಾಲ ಕೆಡದ ಚಪಾತಿಯನ್ನು ರೂಪಿಸಿತು. ನಮ್ಮ ಅವ್ವಂದಿರು ಸೈನಿಕರಿಗಲ್ಲ, ಮಕ್ಕಳಿಗಾಗಿ ಅದನ್ನು ಬಹು ಹಿಂದೆಯೇ ಸಾಧಿಸಿದ್ದರು.

ಆದರೂ ಪುಣೆಯ ಮಳೆಗಾಲದ ತಂಪುಗಾಳಿ ಒಣ ಪದಾರ್ಥಕ್ಕೂ ಶತ್ರು. ರೊಟ್ಟಿ ಮುರಿದಾಗ ಚಟ್ಟನೆ ಸದ್ದಾಗಬೇಕು. ಮೆತ್ತಗಾಗಿ ಬೂಸಲು ಕಂಡರೆ ಎಸೆಯಿರಿ. ಶೇಂಗಾ ಕಮಟಿದರೆ, ಬೂಸಲು ಹಿಡಿದರೆ, ಆರಿಸಿ ತಿನ್ನುವ ಯೋಚನೆ ಬೇಡ. ಆ ಬೂಸಲಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತನ್ನು ಕೆಡಿಸುತ್ತದೆ, ಹುರಿದರೂ ಪೂರ್ತಿ ಹೋಗುವುದಿಲ್ಲ. 1974ರಲ್ಲಿ ರಾಜಸ್ಥಾನದ ಬಾಂಸವಾಡಾ, ಗುಜರಾತಿನ ಪಂಚಮಹಲ್ ಭಾಗದಲ್ಲಿ ಬೂಸಲು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಅವರೂ ಕಾಳು ದಂಡವಾಗಬಾರದೆಂದೇ ತಿಂದವರು.

ಗೋದಾಮಿನ ಪಾಠ

ಗಿರಣಿಯ ಗೋದಾಮಿನಲ್ಲಿ ಒಂದೇ ಸೂತ್ರ: ಮೊದಲು ಬಂದದ್ದು ಮೊದಲು ಹೋಗಬೇಕು. ಹೊಸ ಚೀಲ ಹಿಂದೆ, ಹಳೆಯ ಚೀಲ ಮುಂದೆ. ಮನೆಯ ಮಾಡದಲ್ಲಿಯೂ ಹೀಗೆಯೇ ಇಟ್ಟರೆ ಯಾವುದೂ ಮೂಲೆಯಲ್ಲಿ ಮರೆತುಹೋಗದು. ಪ್ಯಾಕೇಟು ಒಡೆದ ದಿನವನ್ನು ಪೆನ್ಸಿಲಿನಿಂದ ಅದರ ಮೇಲೆ ಬರೆಯಿರಿ; ಒಡೆದ ಮೇಲೆ ಲೆಕ್ಕ ಹೊಸದು. ಕಾಳು ಬಹುದಿನ ಇರುತ್ತದೆ, ಹಿಟ್ಟು ಇರುವುದಿಲ್ಲ. ಬೀಸಿದಾಗ ಕಾಳಿನ ಎಣ್ಣೆ ಗಾಳಿಗೆ ತೆರೆದುಕೊಂಡು ಕಮಟಾಗುತ್ತದೆ. ಹಳೆಯ ಜೋಳದ ಹಿಟ್ಟಿಗೆ ಜಿಗಿಯಿಲ್ಲ, ರೊಟ್ಟಿ ಹರಿಯುತ್ತದೆಂದು ನಮ್ಮ ಹೆಣ್ಣುಮಕ್ಕಳಿಗೆ ಗೊತ್ತು. ಆದ್ದರಿಂದ ಕಾಳು ತಿಂಗಳಿಗೆ ತರಬಹುದು, ಹಿಟ್ಟು ವಾರಕ್ಕೆ ಬೀಸಿಸಬೇಕು. ಅರ್ಧ ಬೆಲೆಯ ಮಾಲು ಕಂಡಾಗ ಮೊದಲು ತಾರೀಖು ನೋಡಿ, ಅಷ್ಟು ದಿನದಲ್ಲಿ ತಿಂದು ಮುಗಿಸಬಲ್ಲೆವೆ ಎಂದು ಕೇಳಿಕೊಂಡು ಕೊಳ್ಳಿರಿ. ಇಲ್ಲವಾದರೆ ಅದು ಅರ್ಧ ಬೆಲೆಯಲ್ಲ, ಪೂರ್ತಿ ನಷ್ಟ.

2024ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗ ಹೊರಡಿಸಿದ ವರದಿಯ ಅಂದಾಜಿನಂತೆ ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ ಸುಮಾರು 55 ಕಿಲೋ ಆಹಾರ ಕಸಕ್ಕೆ ಸೇರುತ್ತದೆ. ಸಿಪ್ಪೆ, ಎಲುಬುಗಳೂ ಇದರಲ್ಲಿ ಸೇರಿವೆ ನಿಜ. ಆದರೂ ಇದು ಸಣ್ಣ ಲೆಕ್ಕವಲ್ಲ. ಪುಣೆಯಲ್ಲಿ ನಾವು ಎಸೆದುದನ್ನು ಕೈಯಿಂದ ಎತ್ತುವವರು ಬಾಗಿಲಿಗೆ ಬರುವ ‘ಸ್ವಚ್ಛ’ ಸಹಕಾರಿ ಸಂಸ್ಥೆಯ ಹೆಣ್ಣುಮಕ್ಕಳು. ಈ ನಗರದ ಕಸ ವರ್ಷಾನುವರ್ಷ ಉರುಳಿ ದೇವಾಚಿ, ಫುರಸುಂಗಿಗಳ ಡಿಪೋ ಸೇರಿತು. ಅದರ ನಾತವನ್ನು ಉಂಡವರು ಆ ಹಳ್ಳಿಗಳವರು. ಕೊಳೆತ ಅನ್ನವನ್ನು ಪ್ಲಾಸ್ಟಿಕ್ಕಿನೊಳಗೆ ಕಟ್ಟಿ ಕೊಡುವ ಮುನ್ನ ಅವರನ್ನು ನೆನೆಯೋಣ.

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯಲ್ಲಿ ‘ಬಲ್ಲವನು’ ಎಂಬ ಮಾತೇ ಮುಖ್ಯ. ದೀಪಾವಳಿಗೆ ಅವ್ವ ಮತ್ತೆ ರೊಟ್ಟಿ, ಚಟ್ನಿಪುಡಿ ಕಳಿಸಿದಳು. ಬಂದ ದಿನವೇ ಮಗ ಡಬ್ಬಿಯ ಮೇಲೆ ಚೀಟಿ ಅಂಟಿಸಿ ತಾರೀಖು ಬರೆದ. ಈ ಸಲ ಒಂದು ಚೂರೂ ಎಸೆಯಲಿಲ್ಲ.

ರವಿವಾರ ಸಂಜೆ ನಾನು ವಾಚನಾಲಯದಲ್ಲಿ ಇರುತ್ತೇನೆ. ಯಾವ ಪ್ಯಾಕೇಟಿನ ಅಕ್ಷರ ತಿಳಿಯದಿದ್ದರೂ ತೆಗೆದುಕೊಂಡು ಬನ್ನಿರಿ, ಕೂಡಿ ಓದೋಣ.