ಹೊಸ ಪ್ಯಾಡ್, ಹಳೇ ಕಾರು, ಕಿರ್ರೆನ್ನುವ ಬ್ರೇಕ್

ಮರುಭೂಮಿಯ ಧೂಳಿನ ಮೇಲೆ ಗೂಬೆ ಕೂರಿಸುವ ಮುನ್ನ ರಿಪೇರಿಯಲ್ಲಿ ಏನೇನು ಬಿಚ್ಚಿದ್ದರು ಎಂದು ಕೇಳಿ

ಕುವೈತ್ ನಗರದಿಂದ ಪಶ್ಚಿಮಕ್ಕೆ ಮೂವತ್ತು ಕಿಲೋಮೀಟರ್ ಚಿಲ್ಲರೆ ದೂರದಲ್ಲಿರುವ ಜಹ್ರಾ ಒಂದು ಕಾಲಕ್ಕೆ ಬಾವಿ, ತೋಟಗಳ ಊರು. 1920ರ ಅಕ್ಟೋಬರಿನ ಕಾಳಗ ಕಂಡ ಕೆಂಪು ಕೋಟೆ ಅಲ್ಲಿ ಇನ್ನೂ ನಿಂತಿದೆ. ಆದರೆ ಉಡುಪಿ, ಕುಂದಾಪುರ, ಭಟ್ಕಳ, ಮಂಗಳೂರು ಕಡೆಯಿಂದ ದುಡಿಯಲು ಹೋಗಿ ಸೆಕೆಂಡ್ ಹ್ಯಾಂಡ್ ಕಾರು ಇಟ್ಟುಕೊಂಡವರಿಗೆ ಈ ಸೀಮೆ ಪರಿಚಯವಾಗುವುದು ಕೋಟೆಯಿಂದಲ್ಲ, ಅಮ್ಘರಾದಿಂದ. ಹಳೇ ಗಾಡಿಗಳನ್ನು ಬಿಚ್ಚಿ ಬಿಡಿಭಾಗ ಮಾರುವ ಗುಜರಿ ಅಂಗಡಿಗಳ ಅಮ್ಘರಾ ಇರುವುದು ಜಹ್ರಾ ಪ್ರಾಂತದಲ್ಲೇ. ಹದಿನೈದು ವರ್ಷ ಓಡಿದ ಕೊರೋಲಾ, ಸನ್ನಿ, ಲ್ಯಾನ್ಸರ್‌ಗಳು ಇನ್ನೂ ಓಡುತ್ತಿದ್ದರೆ ಇಂಥ ಅಂಗಡಿಗಳ ಪುಣ್ಯವೂ ಅದರಲ್ಲಿದೆ.

ಈ ಕಾರುಗಳ ಮಾಲೀಕರ ದೂರು ಹೆಚ್ಚುಕಮ್ಮಿ ಒಂದೇ ಥರ. ಬ್ರೇಕ್ ಸವೆದಿತ್ತು, ಹೊಸ ಪ್ಯಾಡ್ ಹಾಕಿಸಿದೆ, ಮೊದಲು ಇಲ್ಲದ ಸದ್ದು ಈಗ ಶುರುವಾಗಿದೆ. ಗ್ಯಾರೇಜಿನಲ್ಲಿ ಕೇಳಿದರೆ ಉತ್ತರ ರೆಡಿ: ಇಲ್ಲಿನ ಧೂಳು, ಇಲ್ಲಿನ ಬಿಸಿಲು, ಎಲ್ಲರ ಗಾಡಿಯೂ ಹೀಗೇ.

ಈ ಉತ್ತರದಲ್ಲಿ ಅರ್ಧ ಸತ್ಯವಿದೆ. ಜಹ್ರಾ ಪ್ರಾಂತದ ಮಿತ್ರಿಬಾದಲ್ಲಿ 2016ರ ಜುಲೈ 21ರಂದು ದಾಖಲಾದ 53.9 ಡಿಗ್ರಿ ಸೆಲ್ಸಿಯಸ್ ತಾಪಮಾನವನ್ನು ವಿಶ್ವ ಹವಾಮಾನ ಸಂಸ್ಥೆ ಪರಿಶೀಲಿಸಿ ಒಪ್ಪಿದೆ. ಬೇಸಿಗೆಯಲ್ಲಿ ವಾಯವ್ಯದಿಂದ ಬೀಸುವ ಶಮಾಲ್ ಗಾಳಿ ಹೊತ್ತು ತರುವ ಮರಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ, ಅವು ಚಕ್ರದ ಜತೆ ತಿರುಗುವ ಬ್ರೇಕ್ ಡಿಸ್ಕ್‌ನ ಎರಕದ ಕಬ್ಬಿಣಕ್ಕಿಂತ ಗಟ್ಟಿ. ಆದರೆ ಧೂಳು ಡಿಸ್ಕ್‌ನಲ್ಲಿ ಗೀರು ಕೊರೆಯುವುದು ತಿಂಗಳುಗಟ್ಟಲೆ ಓಡಿದ ಮೇಲೆ. ಬಿಸಿಲಿನ ಮಾತು ಇನ್ನೂ ಹಗುರ. ಜೋರಾಗಿ ನಾಲ್ಕು ಸಲ ಬ್ರೇಕ್ ಹೊಡೆದರೆ ಡಿಸ್ಕ್ ತಾನೇ 200 ಡಿಗ್ರಿ ದಾಟುತ್ತದೆ. ಹೊರಗಿನ ಐವತ್ತು ಡಿಗ್ರಿಯಿಂದ ಅದಕ್ಕೆ ದೊಡ್ಡ ವ್ಯತ್ಯಾಸವೇನೂ ಆಗುವುದಿಲ್ಲ. ನಿನ್ನೆ ಇರದ ಸದ್ದು ಇವತ್ತು ಬಂದಿದೆ ಎಂದರೆ, ಈ ನಡುವೆ ಬದಲಾದದ್ದು ಹವೆಯಲ್ಲ. ಬದಲಾದದ್ದು ಗ್ಯಾರೇಜಿನಲ್ಲಿ ಬಿಚ್ಚಿ ಕೂರಿಸಿದ ಭಾಗಗಳು.

ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ: ಸದ್ದು ಯಾವಾಗಿನಿಂದ?

ಅದೇ ದಿನ ಶುರುವಾಗಿದ್ದರೆ

ಗ್ಯಾರೇಜಿನಿಂದ ಹೊರಟ ಕೂಡಲೇ ಕಾಲು ಬ್ರೇಕ್ ಮೇಲೆ ಇಲ್ಲದಿದ್ದರೂ ಚಕ್ರ ತಿರುಗಿದಂತೆಲ್ಲ ಕರ್ರ್ ಕರ್ರ್ ಎನ್ನುತ್ತಿದ್ದರೆ, ನೋಡಬೇಕಾದ ಮೊದಲ ಜಾಗ ಡಿಸ್ಕ್ ಹಿಂದಿನ ತೆಳು ತಗಡು. ಕಲ್ಲು, ಮಣ್ಣು ತಡೆಯಲು ಇರುವ ಈ ಡಸ್ಟ್ ಶೀಲ್ಡ್ ಹಳೇ ಕಾರುಗಳಲ್ಲಿ ತುಕ್ಕು ಹಿಡಿದು ಮೆದುವಾಗಿರುತ್ತದೆ. ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್ ಬಿಚ್ಚುವಾಗ ಮೊಣಕೈ ತಾಗಿದರೂ ಸಾಕು, ಬಾಗಿ ಡಿಸ್ಕ್‌ಗೆ ಮುಟ್ಟುತ್ತದೆ. ಚಕ್ರ ಬಿಚ್ಚಿ ಟಾರ್ಚ್ ಹಾಕಿದರೆ ಗುರುತು ಸಿಗುತ್ತದೆ: ತುಕ್ಕು ಬಣ್ಣದ ತಗಡಿನ ಅಂಚಿನಲ್ಲಿ ಬೆರಳಗಲ ಬೆಳ್ಳಗೆ ಹೊಳೆಯುವ ಗೀರು. ಅಲ್ಲಿ ಸ್ಕ್ರೂಡ್ರೈವರ್ ತೂರಿಸಿ ತಗಡನ್ನು ಎರಡು ಮಿಲಿಮೀಟರ್ ಹಿಂದಕ್ಕೆ ಬಾಗಿಸಿದರೆ ಕೆಲಸ ಮುಗಿಯಿತು. ಖರ್ಚು ಸೊನ್ನೆ.

ಹಳ್ಳ, ಹಂಪು ಹತ್ತಿಸಿದಾಗ ಲೊಟಲೊಟ ಎಂದು, ಬ್ರೇಕ್ ಮೆಲ್ಲಗೆ ಒತ್ತಿದೊಡನೆ ನಿಂತರೆ ಪ್ಯಾಡ್ ತನ್ನ ಗೂಡಿನಲ್ಲಿ ಸಡಿಲವಾಗಿದೆ. ರಿವರ್ಸ್ ತೆಗೆದು ಮುಂದೆ ಹೊರಟಾಗ ಮೊದಲ ಬ್ರೇಕಿಗೆ ಒಂದೇ ಸಲ ಟಕ್ ಎಂದರೂ ಕಾರಣ ಅದೇ. ಪ್ಯಾಡಿನ ಎರಡೂ ಕಿವಿಗಳಿಗೆ ಸ್ಟೀಲ್ ಕ್ಲಿಪ್ ಇರುತ್ತವೆ. ಹೊಸ ಪ್ಯಾಡ್ ಹಾಕುವಾಗ ಹಳೇ ಕ್ಲಿಪ್ಪನ್ನೇ ಬಿಟ್ಟಿರುತ್ತಾರೆ, ಕೆಲವೊಮ್ಮೆ ಕಿತ್ತು ಎಸೆದಿರುತ್ತಾರೆ. ಅಗ್ಗದ ಪ್ಯಾಡ್ ಪೆಟ್ಟಿಗೆಯಲ್ಲಿ ಈ ಕ್ಲಿಪ್‌ಗಳೇ ಇರುವುದಿಲ್ಲ. ಕೊಳ್ಳುವಾಗಲೇ ಪೆಟ್ಟಿಗೆ ಬಿಚ್ಚಿ ನೋಡುವುದು ಒಳ್ಳೆಯದು.

ವಾರದೊಳಗೆ ಬಂದಿದ್ದರೆ

ನಿಲ್ಲುವ ಹೊತ್ತಿಗೆ ಕಿವಿಗೆ ಚುಚ್ಚುವ ಕಿರ್ರ್ ಸದ್ದು ಈ ಗುಂಪಿನದು. ಪ್ಯಾಡ್ ಡಿಸ್ಕನ್ನು ಸಮನಾಗಿ ಹಿಡಿಯದೆ ಸೆಕೆಂಡಿಗೆ ಸಾವಿರಾರು ಸಲ ಹಿಡಿದು ಜಾರಿದಾಗ ಡಿಸ್ಕ್ ಕಂಪಿಸುತ್ತದೆ, ಆ ಕಂಪನವೇ ಸದ್ದು. ಹಳೇ ಕಾರಿನಲ್ಲಿ ಇದಕ್ಕೆ ಆಸ್ಪದ ಹೆಚ್ಚು. ಹಳೇ ಪ್ಯಾಡ್ ಮತ್ತು ಹಳೇ ಡಿಸ್ಕ್ ವರ್ಷಗಟ್ಟಲೆ ಒಂದನ್ನೊಂದು ಸವೆಸಿಕೊಂಡು ಒರಳು, ಗುಂಡುಕಲ್ಲಿನ ಹಾಗೆ ಕೂಡಿಕೊಂಡಿದ್ದವು. ಗುಂಡುಕಲ್ಲು ಮಾತ್ರ ಹೊಸದು ತಂದರೆ ಹಿಟ್ಟು ನುಣ್ಣಗಾಗದು. ಸಪಾಟಾದ ಹೊಸ ಪ್ಯಾಡ್ ಗೀರುಬಿದ್ದ ಡಿಸ್ಕ್‌ನ ದಿಬ್ಬಗಳನ್ನಷ್ಟೇ ಮುಟ್ಟುತ್ತದೆ.

ಡಿಸ್ಕ್ ತಣ್ಣಗಿದ್ದಾಗ ಮೇಲೆ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳುವಷ್ಟು ಗೀರಿದ್ದರೆ, ಅಂಚಿನಲ್ಲಿ ಏಣು ಎದ್ದಿದ್ದರೆ, ಲೇತ್‌ನಲ್ಲಿ ಸಪಾಟು ಮಾಡಿಸಬೇಕು ಇಲ್ಲವೇ ಬದಲಿಸಬೇಕು. ಎಷ್ಟು ತೆಳುವಾಗಬಹುದು ಎಂಬ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಡಿಸ್ಕ್ ಮೇಲೆಯೇ ಕೆತ್ತಿರುತ್ತಾರೆ. ಗುಜರಿಯಿಂದ ಡಿಸ್ಕ್ ತರುವವರು ಬೆಲೆ ಕೇಳುವ ಮುಂಚೆ ಆ ಅಂಕಿ ಓದಬೇಕು.

ಎರಡನೇ ಕಾರಣ ಪಳಗಿಸದಿರುವುದು. ಹೊಸ ಪ್ಯಾಡಿನ ಒಂದು ತೆಳು ಪದರ ಡಿಸ್ಕ್ ಮೇಲೆ ಸಮನಾಗಿ ಅಂಟಿಕೊಳ್ಳಬೇಕು. ಕಂಪನಿಯಿಂದ ಕಂಪನಿಗೆ ಸೂಚನೆ ತುಸು ಬೇರೆಯಾದರೂ ಕ್ರಮ ಇಷ್ಟೇ: ಖಾಲಿ ರಸ್ತೆಯಲ್ಲಿ ಗಂಟೆಗೆ 50–60 ಕಿಲೋಮೀಟರ್ ವೇಗದಿಂದ ಹತ್ತಕ್ಕೆ ಇಳಿಸಬೇಕು, ಪೂರ್ತಿ ನಿಲ್ಲಿಸಬಾರದು. ನಡುನಡುವೆ ತಣಿಯಲು ಬಿಟ್ಟು ಎಂಟು ಹತ್ತು ಸಲ ಹೀಗೆ ಮಾಡಬೇಕು. ಗ್ಯಾರೇಜಿನಿಂದ ನೇರ ಹೆದ್ದಾರಿ ಹಿಡಿದು 120ರಲ್ಲಿ ಬಂದು ಸಿಗ್ನಲ್‌ನಲ್ಲಿ ಗಕ್ಕನೆ ನಿಲ್ಲಿಸಿ ಪೆಡಲ್ ಒತ್ತಿಕೊಂಡೇ ಕೂತರೆ, ಕಾದ ಪ್ಯಾಡಿನ ಗುರುತು ಡಿಸ್ಕ್‌ನ ಒಂದೇ ಕಡೆ ಉಳಿಯುತ್ತದೆ.

ಮೂರನೆಯದು ಗ್ರೀಸು. ಪ್ಯಾಡಿನ ಬೆನ್ನಿಗೆ, ಕಿವಿಗಳಿಗೆ ಬಿಸಿ ತಡೆಯುವ ಬ್ರೇಕ್ ಗ್ರೀಸನ್ನೇ ತೆಳ್ಳಗೆ ಸವರಬೇಕು. ಕ್ಯಾಲಿಪರ್ ಜಾರುವ ಪಿನ್‌ಗಳಿಗೆ ಸಿಲಿಕೋನ್ ಗ್ರೀಸ್ ಬೇಕು. ಬೇರಿಂಗಿಗೆ ಹಚ್ಚುವ ಮಾಮೂಲಿ ಗ್ರೀಸ್ ಮೆತ್ತಿದರೆ ಪಿನ್ನಿನ ರಬ್ಬರ್ ಉಬ್ಬಿ ಕ್ಯಾಲಿಪರ್ ಬಿಗಿಯುತ್ತದೆ. ಪಿನ್ ಹೊರಗೆಳೆದು ನೋಡಿದರೆ ಗೊತ್ತಾಗುತ್ತದೆ: ಬೆರಳಲ್ಲಿ ನೂಕಿದರೆ ನಯವಾಗಿ ಒಳಹೊರಗೆ ಆಡಬೇಕು. ಒಣಗಿ ಕಂದು ಪುಡಿ ಉದುರಿದರೆ ಅಲ್ಲೇ ರೋಗ.

ಪಿನ್ ಅಥವಾ ಪ್ಯಾಡನ್ನು ನೂಕುವ ಪಿಸ್ಟನ್ ಹಿಡಿದುಕೊಂಡಿದೆಯೇ ಎಂದು ತಿಳಿಯಲು ಸುಲಭದ ಪರೀಕ್ಷೆಯಿದೆ. ಕಾಲು ಗಂಟೆ ಓಡಿಸಿ ನಿಲ್ಲಿಸಿ, ಎಡಬಲ ಚಕ್ರಗಳ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಒಂದು ಮಾತ್ರ ಒಲೆಯ ಬಾಯಷ್ಟು ಕಾದಿದ್ದರೆ ಅಲ್ಲಿ ಬ್ರೇಕ್ ಬಿಡುತ್ತಿಲ್ಲ.

ತಿಂಗಳೆರಡಾದ ಮೇಲೆ ಬಂದಿದ್ದರೆ

ಹೆದ್ದಾರಿಯ ವೇಗದಲ್ಲಿ ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗಿ ಕಾಲಿಗೆ ಪೆಡಲ್ ಮಿಡಿದರೆ ಬಹಳ ಜನ ಡಿಸ್ಕ್ ಬೆಂಡಾಗಿದೆ ಎನ್ನುತ್ತಾರೆ. ಸಾಮಾನ್ಯವಾಗಿ ಅದು ಬಾಗಿರುವುದಿಲ್ಲ, ಒಂದು ಕಡೆ ದಪ್ಪ ಒಂದು ಕಡೆ ತೆಳು ಆಗಿರುತ್ತದೆ. ಬೀಜ ಬಿದ್ದದ್ದು ರಿಪೇರಿಯ ದಿನವೇ. ಡಿಸ್ಕ್ ಕೂರುವ ಹಬ್ ಮೇಲಿನ ತುಕ್ಕಿನ ಚಕ್ಕೆ ಉಜ್ಜದೆ ಅದನ್ನು ಕೂರಿಸಿದರೆ, ಇಲ್ಲವೇ ಗಾಳಿ ಗನ್ನಿನಿಂದ ನಟ್‌ಗಳನ್ನು ಮನಸೋ ಇಚ್ಛೆ ಬಿಗಿದರೆ ಡಿಸ್ಕ್ ಕೂದಲೆಳೆಯಷ್ಟು ಓರೆಯಾಗಿ ತಿರುಗುತ್ತದೆ. ಸುತ್ತು ಸುತ್ತಿಗೂ ಪ್ಯಾಡಿಗೆ ಒಂದೇ ಜಾಗದಲ್ಲಿ ತಾಗಿ ತಾಗಿ ಅಲ್ಲಿ ಸವೆಯುತ್ತದೆ. ಕೊರೋಲಾದ ಚಕ್ರದ ನಟ್‌ಗೆ ಹೇಳಿರುವ ಬಿಗಿ 103 ನ್ಯೂಟನ್ ಮೀಟರ್. ಟಾರ್ಕ್ ವ್ರೆಂಚ್ ಹಿಡಿದು ಎದುರುಬದುರು ನಟ್‌ಗಳನ್ನು ಸರದಿಯಲ್ಲಿ ಬಿಗಿಯಲು ಹೇಳುವುದು ಗಿರಾಕಿಯ ಹಕ್ಕು.

ಬ್ರೇಕಿನದಲ್ಲದ ಸದ್ದೂ ಬ್ರೇಕಿನ ತಲೆಗೆ ಬರುವುದುಂಟು. ವೇಗದ ಜತೆ ಏರುವ ಗುಂಯ್ ಸದ್ದು, ಸ್ಟೀರಿಂಗ್ ಒಂದು ಕಡೆ ತಿರುಗಿಸಿದಾಗ ಹೆಚ್ಚಾಗಿ ಇನ್ನೊಂದು ಕಡೆಗೆ ಕಡಿಮೆಯಾದರೆ ಅದು ಚಕ್ರದ ಬೇರಿಂಗ್. ಸಮುದ್ರದ ತೇವವಿರುವ ರಾತ್ರಿ ಕಳೆದು ಬೆಳಿಗ್ಗೆ ಮೊದಲ ಎರಡು ಮೂರು ಬ್ರೇಕಿಗೆ ಗೊರಗೊರ ಎಂದು ಸುಮ್ಮನಾದರೆ ಅದು ಡಿಸ್ಕ್ ಮೇಲಿನ ಹಸಿ ತುಕ್ಕು. ಮಳೆಗಾಲದ ಕರಾವಳಿಯಲ್ಲಿ ಕಾರು ಇಟ್ಟವರಿಗೆ ಇದು ಹೊಸದಲ್ಲ, ಹೆದರಬೇಕಾದದ್ದೂ ಅಲ್ಲ. ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದದ್ದು ಬ್ರೇಕ್ ಒತ್ತಿದಾಗ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಸದ್ದು. ಅದು ಕೇಳಿದ ಮೇಲೆ ಗಾಡಿ ಓಡಿಸಬಾರದು.

ನೂರು ವರ್ಷ ದಾಟಿದ ಗೋಳು

ಈ ಕಿರಿಕಿರಿ ಡಿಸ್ಕ್ ಬ್ರೇಕಿನಷ್ಟೇ ಹಳೆಯದು. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಾಗ ಡಿಸ್ಕನ್ನು ಹಿಡಿಯುವ ಭಾಗಕ್ಕೆ ತಾಮ್ರ ಬಳಸಿದ್ದರು. ಲೋಹಕ್ಕೆ ಲೋಹ ಉಜ್ಜಿ ಕಿವಿ ಮುಚ್ಚಿಕೊಳ್ಳುವ ಹಾಗಾಗುತ್ತಿತ್ತು. ಫೆರೋಡೋ ಕಂಪನಿ ಕಟ್ಟಿದ ಹರ್ಬರ್ಟ್ ಫ್ರೂಡ್ ಕಲ್ನಾರಿನ ಪದರ ತಂದ ಮೇಲೆ ಸದ್ದು ತಗ್ಗಿತು, ಆದರೆ ಕಲ್ನಾರಿನ ಧೂಳು ಕ್ಯಾನ್ಸರಿಗೆ ದಾರಿ ಮಾಡಿತು. ಹಳೇ ಕಾರಿನ ಬ್ರೇಕ್ ಧೂಳನ್ನು ಗಾಳಿ ಪೈಪಿನಿಂದ ಊದಬಾರದು, ಒದ್ದೆ ಮಾಡಿ ಒರೆಸಬೇಕು ಎನ್ನುವುದು ಇದಕ್ಕೇ.

ಸದ್ದು ಅಡಗಿಸುವುದೇ ಗುರಿಯಾದರೆ ಅಡ್ಡದಾರಿ ಹಿಡಿಯುವುದು ಸುಲಭ ಎಂಬುದನ್ನು ಇಂದಿನ ಗ್ಯಾರೇಜುಗಳಲ್ಲೂ ನೋಡಬಹುದು. ಬಹಳಷ್ಟು ಪ್ಯಾಡ್‌ಗಳಲ್ಲಿ ಪುಟ್ಟ ಸ್ಟೀಲ್ ನಾಲಿಗೆ ಇರುತ್ತದೆ. ಪ್ಯಾಡ್ ಎರಡು ಮೂರು ಮಿಲಿಮೀಟರಿಗೆ ಸವೆದಾಗ ಡಿಸ್ಕ್‌ಗೆ ತಾಗಿ ಕೂಗಲೆಂದೇ ಅದನ್ನು ಇಟ್ಟಿರುತ್ತಾರೆ. ತಪ್ಪು ಬದಿಗೆ ಹಾಕಿದರೆ ಮೊದಲ ದಿನವೇ ಅದು ಕೂಗಬಹುದು. ಬದಿ ಬದಲಿಸುವ ಬದಲು ಇಕ್ಕಳದಲ್ಲಿ ಆ ನಾಲಿಗೆಯನ್ನೇ ಕತ್ತರಿಸಿ ಕೊಡುವವರಿದ್ದಾರೆ. ಗಾಡಿ ಸುಮ್ಮನಾಗುತ್ತದೆ, ಮುಂದೆ ಪ್ಯಾಡ್ ಸವೆದು ಮುಗಿಯುತ್ತ ಬಂದರೂ ಸುಮ್ಮನೇ ಇರುತ್ತದೆ. ಆದ್ದರಿಂದ ಗ್ಯಾರೇಜಿನಲ್ಲಿ ಸದ್ದು ಹೋಯಿತಾ ಎಂದಷ್ಟೇ ಕೇಳಿ ಬರಬೇಡಿ. ಏನು ತಾಗುತ್ತಿತ್ತು, ಎಲ್ಲಿ ತಾಗುತ್ತಿತ್ತು ಎಂದು ಕೇಳಿ, ಬಿಚ್ಚಿದ ಭಾಗ ತೋರಿಸಲು ಹೇಳಿ. ಅದಕ್ಕೆ ಉತ್ತರ ಕೊಡಲಾರದ ಗ್ಯಾರೇಜಿಗೆ ಎರಡನೇ ಸಲ ಬ್ರೇಕ್ ಬಿಚ್ಚಲು ಕೊಡಬೇಡಿ.