ಉಬ್ಬಸ ಇರುವವರ ಚಿಂತೆಗಳು

ಉಬ್ಬಸ ಅಥವಾ ಅಸ್ತಮಾ ಶ್ವಾಸನಾಳಗಳ ಕಾಯಿಲೆ. ನಾಳದ ಒಳಪದರ ಊದಿಕೊಂಡು, ಸುತ್ತಲಿನ ಸ್ನಾಯು ಬಿಗಿದು, ಗಾಳಿಯ ದಾರಿ ಕಿರಿದಾಗುತ್ತದೆ. ಇದು ಮನಸ್ಸಿನ ಭ್ರಮೆಯಲ್ಲ. ಆದರೆ ಭಯ, ಕೋಪ, ಅಳು ಬಂದಾಗ ಉಸಿರು ವೇಗವಾಗಿ, ಮೊದಲೇ ಊದಿರುವ ನಾಳ ಇನ್ನಷ್ಟು ಬಿಗಿಯುತ್ತದೆ. ಆದ್ದರಿಂದ ನಿಮ್ಮ ಚಿಂತೆ ಎಲ್ಲಿಂದ ಬರುತ್ತಿದೆ ಎಂಬುದನ್ನೂ ವೈದ್ಯರಿಗೆ ಹೇಳಬೇಕು.

ನಮ್ಮ ಭಾಗದಲ್ಲಿ ಒಂದು ದೊಡ್ಡ ಚಿಂತೆ ದುಡಿಮೆಯದು. ಮಾಲೂರಿನ ಇಟ್ಟಿಗೆ, ಹೆಂಚಿನ ಕೆಲಸದಲ್ಲಿ ಧೂಳು, ಹೊಗೆ. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಹೂ ಬಿಡುವ ಕಾಲಕ್ಕೆ ಹೊಡೆಯುವ ಕೀಟನಾಶಕ. ಕೋಲಾರ, ಮುಳಬಾಗಿಲು ಕಡೆ ರಾಗಿ ಒಕ್ಕಣೆಯ ಧೂಳು. ರೇಷ್ಮೆ ಕೆಲಸದಲ್ಲಿ ಗೂಡು ಬೇಯಿಸುವ ಹಬೆ, ಚಿಟ್ಟೆಯ ರೆಕ್ಕೆಯ ಪುಡಿಯೂ ಕೆಲವರಿಗೆ ಆಗದು. ಹೋದರೆ ದಮ್ಮು, ಹೋಗದಿದ್ದರೆ ಕೂಲಿ ಇಲ್ಲ. "ಕೆಲಸ ಬಿಟ್ಟುಬಿಡಿ" ಎನ್ನುವುದು ಸುಲಭ, ಬಿಟ್ಟರೆ ಮನೆ ನಡೆಯಬೇಕಲ್ಲ! ರಜೆಯ ದಿನ ಉಸಿರು ಹಗುರ, ಕೆಲಸದ ದಿನ ಬಿಗಿ ಎನಿಸಿದರೆ ಅದನ್ನು ತಪ್ಪದೆ ತಿಳಿಸಿ. ಔಷಧಿ ಹೊಡೆಯುವ ದಿನ ತೋಪಿನಿಂದ ದೂರವಿರಿ. ಕಣದಲ್ಲಿ ಗಾಳಿ ಬರುವ ಕಡೆಗೆ ನಿಲ್ಲಿ, ಧೂಳು ನಿಮ್ಮಿಂದ ಆಚೆಗೆ ಹೋಗಲಿ.

ಇದಕ್ಕಿಂತ ಹೆಚ್ಚು ಕೆಡುಕು ಮಾಡುವುದು ಸಂಕೋಚ. ಇನ್ಹೇಲರ್ (ಜನ ಪಂಪು ಎನ್ನುತ್ತಾರೆ) ಸೇದುವುದನ್ನು ಅತ್ತೆಮನೆಯವರು ನೋಡಿದರೆ ಏನೆಂದಾರು, ಹೆಣ್ಣು ನೋಡಲು ಬಂದವರಿಗೆ ತಿಳಿದರೆ ಮದುವೆ ನಿಂತೀತು ಎಂದು ಮುಚ್ಚಿಡುವವರು ಬಹಳ. ಪಂಪು ಅಭ್ಯಾಸವಾಗಿಬಿಡುತ್ತದೆ, ಅದು ಕೊನೆಯ ಔಷಧಿ ಎಂಬ ಮಾತೂ ಇದೆ. ಲೆಕ್ಕ ನೋಡಿ: ಸಾಲ್ಬುಟಮಾಲ್ ಮಾತ್ರೆ ಒಂದರಲ್ಲಿ 4 ಮಿಲಿಗ್ರಾಂ ಔಷಧಿ ಇದ್ದರೆ, ಪಂಪಿನ ಒಂದು ಸೇದಿಕೆಯಲ್ಲಿ 100 ಮೈಕ್ರೋಗ್ರಾಂ ಮಾತ್ರ. ಒಂದು ಮಾತ್ರೆ 40 ಸೇದಿಕೆಗೆ ಸಮ! ಔಷಧಿ ನೇರವಾಗಿ ಶ್ವಾಸನಾಳಕ್ಕೆ ತಲಪುವುದರಿಂದ ಅಷ್ಟು ಕಡಿಮೆ ಸಾಕಾಗುತ್ತದೆ.

ಮುಚ್ಚಿಡುವವರು ದಮ್ಮು ತಡೆಯಲಾಗದಾಗ ಮಾತ್ರ ಸೇದುತ್ತಾರೆ. ಸಾಮಾನ್ಯವಾಗಿ ನೀಲಿ ಬಣ್ಣದ ಸಾಲ್ಬುಟಮಾಲ್ ಪಂಪು ಬಿಗಿತವನ್ನು ಸಡಿಲಿಸುತ್ತದೆ, ಊತವನ್ನು ಇಳಿಸುವುದಿಲ್ಲ. ಊತ ಇಳಿಸುವುದು ವೈದ್ಯರು ಕೊಡುವ ಸ್ಟೀರಾಯ್ಡ್ ಪಂಪು. ಅದನ್ನು ಬಿಟ್ಟು ನೀಲಿಯನ್ನೇ ನಂಬಿದವರು ಅಪಾಯದಲ್ಲಿದ್ದಾರೆ. 200 ಸೇದಿಕೆಯ ನೀಲಿ ಪಂಪು ವರ್ಷಕ್ಕೆ ಮೂರು ಅಥವಾ ಹೆಚ್ಚು ಬೇಕಾದರೆ ಕಾಯಿಲೆ ಹತೋಟಿಯಲ್ಲಿಲ್ಲ. ತಿಂಗಳಿಗೊಂದು ಮುಗಿಯುತ್ತಿದ್ದರೆ ಪ್ರಾಣಕ್ಕೇ ಅಪಾಯ, ತಡಮಾಡದೆ ಬನ್ನಿ. ಮೃಗಶಿರಾ ಕಾರ್ತಿಯಂದು ಹೈದರಾಬಾದಿನಲ್ಲಿ ಕೊಡುವ ಮೀನಿನ ಔಷಧಿಯಿಂದ ಉಬ್ಬಸ ಗುಣವಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಹೋಗಿ ಬಂದವರೂ ಪಂಪು ನಿಲ್ಲಿಸಬೇಡಿ.

ಖರ್ಚಿನ ಚಿಂತೆ ಇದ್ದರೆ ಬಾಯಿಬಿಟ್ಟು ಹೇಳಿ. ದಿನ ಬಿಟ್ಟು ದಿನ ಸೇದಿ ಉಳಿಸುವುದಕ್ಕಿಂತ ಜನೌಷಧಿ ಅಂಗಡಿಯಲ್ಲಿ ಕಡಿಮೆ ಬೆಲೆಯದು ಸಿಗುತ್ತದೆಯೇ ಎಂದು ಕೇಳುವುದು ಒಳ್ಳೆಯದು.

ರಾತ್ರಿಯ ಭಯವೂ ಸಣ್ಣದಲ್ಲ. ಉಬ್ಬಸ ಹೆಚ್ಚಾಗುವುದು ನಡುರಾತ್ರಿ ಕಳೆದು ಬೆಳಗಿನ ಜಾವಕ್ಕೆ. ಅದಕ್ಕೆ ಹೆದರಿ ಮಲಗದವರು ಹಗಲೆಲ್ಲ ಸುಸ್ತಾಗಿ ಸಿಡುಕುತ್ತಾರೆ. ರಾತ್ರಿ ಎಚ್ಚರವಾಗುವುದು ಔಷಧಿ ಸಾಲದು ಎಂಬುದರ ಗುರುತು. ಪಂಪು ದಿಂಬಿನ ಪಕ್ಕದಲ್ಲೇ ಇರಲಿ.

ಜೊತೆಗಿರುವವರಿಗೆ ಒಂದು ಮಾತು. "ಎಲ್ಲಾ ನಾಟಕ" ಎನ್ನಬೇಡಿ, ಸುತ್ತ ಗುಂಪು ಕಟ್ಟಬೇಡಿ. ದಮ್ಮು ಬಂದಾಗ ನೆಟ್ಟಗೆ ಕೂರಿಸಿ, ಮಲಗಿಸಬೇಡಿ. ಸ್ಪೇಸರ್ ಮೂಲಕ ನೀಲಿ ಪಂಪನ್ನು ಒಂದೊಂದೇ ಸೇದಿಕೆಯಂತೆ ನಾಲ್ಕು ಸಲ ಕೊಡಿ. 20 ನಿಮಿಷದಲ್ಲಿ ತಗ್ಗದಿದ್ದರೆ ಮತ್ತೆ ನಾಲ್ಕು ಕೊಟ್ಟು ಆಸ್ಪತ್ರೆಗೆ ಹೊರಡಿ. ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಗಟ್ಟಿದರೆ ಕಾಯದೆ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೂ ಪಂಪು ಕೊಡುತ್ತಿರಿ.

ಮುಂದಿನ ಸಲ ಬರುವಾಗ ಪಂಪನ್ನು ಜೊತೆಗೆ ತನ್ನಿ. ಹೇಗೆ ಸೇದುತ್ತೀರಿ ಎಂದು ನರ್ಸ್ ಎದುರಿಗೆ ತೋರಿಸಿ. ಮನೆಯವರೊಬ್ಬರನ್ನೂ ಕರೆದುಕೊಂಡು ಬನ್ನಿ.